ಫೀಲ್ಡ್‌ಗೆ ಹೊರಟಿರೋ ಹುಡುಗೀರಿಗೆ
ಮಳೆ ಹಿಡೀತು, ಕಪ್ಪೆ ಸರ್ವೇಗೆ ಅಂತ ಕೊಡಗಿನ ಭಾಗಮಂಡಲ, ಮಾಕುಟ್ಟ ಕಡೆ ಸ್ಟೂಡೆಂಟ್ಸ್ ಬರೋ ಟೈಮ್. ಜಿಗಣೆ ಸಾಕ್ಸ್, ಹೆಡ್‌ಟಾರ್ಚ್ ಎಲ್ಲಾ ರೆಡಿ ಮಾಡ್ಕೋತಾರೆ, ಉಳ್ಕೊಳ್ಳೋ ರೂಮಿನ ಚಿಲಕ ಸರಿ ಇದ್ಯಾ ಅಂತ ಯಾರೂ ಕೇಳಲ್ಲ. ನಾನು ಮೊದ್ಲು ಮಾಡೋದೇ ಅದು, ಒಳಗಿಂದ ಚಿಲಕ ಹಾಕಿ ಬಾಗಿಲು ಜಗ್ಗಿ ನೋಡ್ತೀನಿ, ಮಳೆಗೆ ಮರ ಉಬ್ಬಿ ಚಿಲಕ ಕೂರ್ತಿಲ್ಲ ಅಂದ್ರೆ ಆ ರೂಮೇ ಬೇಡ.

ಎಲ್ರೂ ಹೆದರಿಸೋದು ಊರಿನವ್ರ ಬಗ್ಗೆ, ತೋಟದ ದಾರಿ ಬಗ್ಗೆ. ಆದ್ರೆ 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಫೀಲ್ಡ್‌ವರ್ಕ್ ಮಾಡೋ 666 ಜನ ಉತ್ತರ ಕೊಟ್ಟಿದ್ರು, ಸುಮಾರು 64% ಜನ ಲೈಂಗಿಕ ಕಿರುಕುಳ ಆಗಿದೆ ಅಂದ್ರು, ಹೆಣ್ಮಕ್ಕಳಿಗೆ ತೊಂದ್ರೆ ಕೊಟ್ಟವ್ರು ಹೆಚ್ಚಾಗಿ ಅದೇ ಟೀಮಿನ ಸೀನಿಯರ್‌ಗಳು. ಇದನ್ನ ಓದಿ ನನಗೆ ಹೊಟ್ಟೆ ಉರಿದುಹೋಯ್ತು.

ಅದಕ್ಕೇ ಟೀಮಿನ ಹೊರಗಿನ ಒಬ್ರಿಗೆ ದಿನಾ ರೂಟ್, ವಾಪಸ್ ಬರೋ ಟೈಮ್ ಹೇಳಿ ಹೋಗಿ, ಬೆಟ್ಟದ ಮೇಲೆ ನೆಟ್‌ವರ್ಕ್ ನಂಬೋಕಾಗಲ್ಲ, ತುಂಬಾ ಲೇಟಾದ್ರೆ ಅವ್ರೇ 112ಕ್ಕೆ ಫೋನ್ ಮಾಡ್ಲಿ. ಕೆಲಸದ ಜಾಗದಲ್ಲಿ ಹೆಣ್ಮಕ್ಕಳಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಕೆಲಸದ ಮೇಲೆ ಹೋದ ಜಾಗ, ಸಂಸ್ಥೆ ಕೊಟ್ಟ ಜೀಪು ಕೂಡ ಕೆಲಸದ ಸ್ಥಳನೇ. ದೂರನ್ನ ಘಟನೆ ಆದ 3 ತಿಂಗಳೊಳಗೆ ಸಂಸ್ಥೆಯ ದೂರು ಕಮಿಟಿಗೆ ಬರೆದು ಕೊಡ್ಬೇಕು, ಸರಿಯಾದ ಕಾರಣ ಇದ್ರೆ ಕಮಿಟಿ ಇನ್ನೂ 3 ತಿಂಗಳು ಕೊಡ್ಬಹುದು. ಹಾಗಾಗಿ ಏನೇ ಆದ್ರೂ ಅವತ್ತೇ ತಾರೀಖು, ಜಾಗ, ಯಾರಿದ್ರು ಅಂತ ಬರೆದಿಡಿ, ಟೀಮಿನ ಡೇಟಾ ಬುಕ್ಕಲ್ಲಿ ಬೇಡ, ನಿಮ್ಮದೇ ನೋಟ್‌ಬುಕ್ಕಲ್ಲಿ.