ಜನವರಿಯ ಡಿಸ್ನಿ ವರ್ಲ್ಡ್: ಆರು ತುಂಬಿದ ಮಗಳು, ಎಪ್ಪತ್ತು ದಾಟಿದ ಅಜ್ಜ-ಅಜ್ಜಿ

ಮಗಳ ಆರನೇ ಹುಟ್ಟುಹಬ್ಬ ಈ ಸಲ ಜನವರಿ ಕೊನೆಯ ವಾರದ ಮಂಗಳವಾರ ಬಿದ್ದಿತ್ತು. ಊರಿನಿಂದ ಬಂದಿದ್ದ ಅಪ್ಪ-ಅಮ್ಮ ಫೆಬ್ರವರಿಯಲ್ಲಿ ವಾಪಸ್ ಹೊರಡುವವರಿದ್ದರು. ಅವರಿರುವಾಗಲೇ ಆಗಲಿ ಎಂದು ಮಗಳಿಗೆ ಶಾಲೆಯಿಂದ ಒಂದು ವಾರ ರಜೆ ಕೇಳಿ, ನಾವಿರುವ ಅಟ್ಲಾಂಟಾದಿಂದ ಫ್ಲೋರಿಡಾದ ಆರ್ಲಾಂಡೊದಲ್ಲಿರುವ ಡಿಸ್ನಿ ವರ್ಲ್ಡ್‌ಗೆ ಕಾರಿನಲ್ಲಿ ಹೊರಟೆವು. ಸುಮಾರು 700 ಕಿಲೋಮೀಟರ್ ದಾರಿ. ಏಳು ತಾಸಿನದು ಅನ್ನುತ್ತಾರೆ; ಊಟ, ಕಾಫಿ, ಅಪ್ಪನ ಸೊಂಟನೋವಿಗೆ ಎರಡು ತಾಸಿಗೊಂದು ನಿಲುಗಡೆ ಎಲ್ಲ ಸೇರಿ ನಮಗೆ ಒಂಬತ್ತು ತಾಸು ಹಿಡಿಯಿತು. ದೊಡ್ಡವರನ್ನು ಕರೆದುಕೊಂಡು ಹೋಗುವವರು ಆ ಲೆಕ್ಕದಲ್ಲೇ ಹೊರಡಿ, ಮತ್ತು ಹೋದ ದಿನ ಯಾವ ಪಾರ್ಕಿನ ಟಿಕೆಟನ್ನೂ ಇಟ್ಟುಕೊಳ್ಳಬೇಡಿ.

ದಿನ ಆರಿಸುವ ವಿಷಯದಲ್ಲಿ ಜನವರಿ ಸ್ವಲ್ಪ ಸೂಕ್ಷ್ಮ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದು ಮುಗಿಯಿತು ಎನ್ನುವಷ್ಟರಲ್ಲಿ ಡಿಸ್ನಿಯ ಮ್ಯಾರಥಾನ್ ಬರುತ್ತದೆ. ಸಾವಿರಾರು ಓಟಗಾರರು ಮನೆಮಂದಿಯ ಸಮೇತ ಬಂದಿರುತ್ತಾರೆ, ಬೆಳಗ್ಗೆ ಕೆಲವು ರಸ್ತೆಗಳನ್ನೂ ಮುಚ್ಚಿರುತ್ತಾರೆ. ಜನವರಿಯ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ, ಹಾಗಾಗಿ ಆ ವಾರಾಂತ್ಯವೂ ಗದ್ದಲ. ಫೆಬ್ರವರಿಯ ಮೂರನೇ ಸೋಮವಾರ ಪ್ರೆಸಿಡೆಂಟ್ಸ್ ಡೇ, ಮತ್ತೆ ಅದೇ ಕಥೆ. ಇವುಗಳ ನಡುವೆ ಸಿಗುವ ವಾರದ ದಿನಗಳೇ ಒಳ್ಳೆಯವು. ನಮ್ಮ ಹುಡುಗಿ ಸರಿಯಾದ ವಾರದಲ್ಲೇ ಹುಟ್ಟಿದ್ದಾಳೆ.

ಈಗ ಚಳಿಯ ಮಾತು. ಇಡೀ ಪ್ರವಾಸ ತಿರುಗಿದ್ದು ಅದರ ಸುತ್ತಲೇ. ಫ್ಲೋರಿಡಾ ಎಂದರೆ ಸೆಕೆ ಎಂದು ನಮ್ಮೆಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಜನವರಿಯ ಆರ್ಲಾಂಡೊದಲ್ಲಿ ಸಾಮಾನ್ಯವಾಗಿ ಹಗಲು 22 ಡಿಗ್ರಿ ಸೆಲ್ಸಿಯಸ್, ರಾತ್ರಿ 10 ಡಿಗ್ರಿಯ ಆಸುಪಾಸು ಇರುತ್ತದೆ. ಆದರೆ ಉತ್ತರದಿಂದ ಶೀತಗಾಳಿ ಇಳಿದರೆ ಒಂದೆರಡು ದಿನ ಬೆಳಗಿನ ತಾಪಮಾನ ನಾಲ್ಕೈದು ಡಿಗ್ರಿಗೆ ಬೀಳುತ್ತದೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ. ಸರಾಸರಿ ನೋಡಿ ಬಟ್ಟೆ ತುಂಬಿಕೊಂಡರೆ ಆ ಎರಡು ದಿನ ಸಂಕಟ.

ಡಿಸ್ನಿ ವರ್ಲ್ಡ್‌ನಲ್ಲಿ ಬೇರೆ ಬೇರೆ ನಾಲ್ಕು ದೊಡ್ಡ ಪಾರ್ಕುಗಳಿವೆ; ಅವುಗಳಲ್ಲಿ ಮೂರಕ್ಕೆ ನಾವು ಹಾಕಿದ್ದ ಯೋಜನೆ ಹೀಗಿತ್ತು. ಮಂಗಳವಾರ ಹುಟ್ಟುಹಬ್ಬ, ಅವತ್ತೇ ಮ್ಯಾಜಿಕ್ ಕಿಂಗ್‌ಡಮ್. ಬುಧವಾರ ವಿಶ್ರಾಂತಿ. ಗುರುವಾರ ಎಪ್‌ಕಾಟ್, ಶುಕ್ರವಾರ ಅನಿಮಲ್ ಕಿಂಗ್‌ಡಮ್. ಭಾನುವಾರ ರಾತ್ರಿ ಬ್ಯಾಗ್ ತುಂಬುತ್ತ ಹವಾಮಾನ ನೋಡಿದರೆ, ಮಂಗಳವಾರ ಬೆಳಗ್ಗೆ 4 ಡಿಗ್ರಿ, ಹಗಲೂ 12 ದಾಟುವುದಿಲ್ಲ, ಜೊತೆಗೆ ಗಾಳಿ. ಗುರುವಾರ 22, ಬಿಸಿಲು.

ಆಗ ಮನೆಯಲ್ಲಿ ಚರ್ಚೆಯೋ ಚರ್ಚೆ. ಹುಟ್ಟುಹಬ್ಬದ ದಿನವೇ ಮಗಳನ್ನು ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯ ಮುಂದೆ ನಿಲ್ಲಿಸಬೇಕೆಂದು ನನಗಿತ್ತು. ಕೊನೆಗೆ ಅಮ್ಮ ಕೇಳಿದರು, “ಅವಳಿಗೆ ಕೋಟೆ ಬೇಕೋ, ತಾರೀಕು ಬೇಕೋ?” ಮಗಳನ್ನೇ ಕೂರಿಸಿ ಹೇಳಿದೆವು: ಮಂಗಳವಾರ ಮನೆಯ ಹುಟ್ಟುಹಬ್ಬ, ಗುರುವಾರ ಕೋಟೆಯ ಹುಟ್ಟುಹಬ್ಬ. ಒಂದರ ಬದಲು ಎರಡು ಎಂದಾಗ ಅವಳಿಗೆ ಯಾವ ತಕರಾರೂ ಇರಲಿಲ್ಲ.

ಹೀಗೆ ಅದಲುಬದಲು ಮಾಡಲು ಟಿಕೆಟ್‌ನಲ್ಲೇ ಅವಕಾಶ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ತಾರೀಕು ಹಾಕಿ ಕೊಳ್ಳುವ ಮೂರು ದಿನದ ಟಿಕೆಟನ್ನು ಆರಂಭದ ದಿನದಿಂದ ಐದು ದಿನಗಳೊಳಗೆ ಯಾವ ಮೂರು ದಿನವಾದರೂ ಬಳಸಬಹುದು. ಯಾವ ದಿನ ಯಾವ ಪಾರ್ಕ್ ಎಂದು ಮೊದಲೇ ಕಾದಿರಿಸುವ ನಿಯಮವನ್ನು ಈ ಬಗೆಯ ಟಿಕೆಟ್‌ಗಳಿಗೆ 2024ರ ಜನವರಿಯಲ್ಲೇ ತೆಗೆದುಹಾಕಿದ್ದಾರೆ. ಹಾಗಾಗಿ ಚಳಿಗಾಲದಲ್ಲಿ ಹೋಗುವವರಿಗೆ ನನ್ನ ಮೊದಲ ಸಲಹೆ ಇದು: ಎಷ್ಟು ದಿನ, ಯಾವ ಯಾವ ಪಾರ್ಕ್ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ, ಯಾವುದು ಮೊದಲು ಎಂಬುದನ್ನು ಹೊರಡುವ ಹಿಂದಿನ ರಾತ್ರಿಯವರೆಗೂ ಸಡಿಲ ಬಿಡಿ. ನಡುವೆ ಒಂದು ಖಾಲಿ ದಿನ ಇರಲೇಬೇಕು.

ಟಿಕೆಟ್ ವಿಷಯದಲ್ಲಿ ಇನ್ನೊಂದು ಮಾತು. ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಹತ್ತು ತುಂಬಿದರೆ ದೊಡ್ಡವರ ದರ. ನಿಮ್ಮ ಮಗುವಿಗೆ ಮೂರೋ ಹತ್ತೋ ತುಂಬುವುದಿದ್ದರೆ ಹುಟ್ಟುಹಬ್ಬದ ಹಿಂದಿನ ವಾರ ಹೋಗುವುದೇ ಜಾಣತನ.

ಮಂಗಳವಾರ ಬೆಳಗ್ಗೆ ಬಾಡಿಗೆ ಮನೆಯಲ್ಲೇ ಅಮ್ಮ ಆರತಿ ಎತ್ತಿ, ಶಾವಿಗೆ ಪಾಯಸ ಮಾಡಿದರು. ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಮನೆ ಹಿಡಿದದ್ದಕ್ಕೆ ಅವತ್ತು ನಿಜಕ್ಕೂ ಸಾರ್ಥಕ ಅನ್ನಿಸಿತು. ಡಿಸ್ನಿಯ ಹೋಟೆಲ್‌ಗಳಲ್ಲಿ ಉಳಿದವರಿಗೆ ಪ್ರತಿದಿನ ಅರ್ಧ ಗಂಟೆ ಮೊದಲೇ ಪಾರ್ಕಿನ ಒಳಗೆ ಬಿಡುತ್ತಾರೆ. ಆ ಸೌಲಭ್ಯ ನಮಗೆ ತಪ್ಪಿತು. ಆದರೂ ಹಿರಿಯರಿಗೆ ಬೆಳಗ್ಗೆ ಬಿಸಿ ನೀರು, ರಾತ್ರಿ ಬಂದಮೇಲೆ ತಿಳಿಸಾರು ಅನ್ನ ಇವೇ ಮುಖ್ಯವಾದರೆ ಮನೆಯೇ ವಾಸಿ.

ಹತ್ತು ಗಂಟೆಗೆ ಆರಾಮಾಗಿ, ಮೊದಲು ಗುರುವಾರಕ್ಕೆ ಇಟ್ಟಿದ್ದ ಎಪ್‌ಕಾಟ್ ತಲುಪಿದೆವು. ಕೊರೆಯುವ ಚಳಿಯ ದಿನಕ್ಕೆ ನಾಲ್ಕು ಪಾರ್ಕುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ ಎನ್ನುತ್ತೇನೆ, ಯಾಕೆಂದರೆ ನೋಡುವಂಥದ್ದು ಬಹಳಷ್ಟು ಒಳಾಂಗಣದಲ್ಲೇ ಇದೆ. ಬಾಗಿಲಲ್ಲೇ ಕಾಣುವ 55 ಮೀಟರ್ ಎತ್ತರದ ಬೆಳ್ಳಿ ಗೋಳದೊಳಗೆ ನಿಧಾನವಾಗಿ ಸಾಗುವ ರೈಡ್ ಇದೆ. ಕೂತರೆ ಸಾಕು, ಕುಲುಕಾಟ ಇಲ್ಲ. ಸಮುದ್ರಜೀವಿಗಳ ವಿಭಾಗದ ತೊಟ್ಟಿಯಲ್ಲಿ ಎರಡು ಕೋಟಿ ಲೀಟರಿಗೂ ಹೆಚ್ಚು ನೀರು; ಮಗಳು ಆ ಗಾಜಿಗೆ ಮೂಗು ಒತ್ತಿಕೊಂಡು ಮುಕ್ಕಾಲು ಗಂಟೆ ನಿಂತಳು.

ಆದರೆ ಅಪ್ಪನ ಮಟ್ಟಿಗೆ ಇಡೀ ಡಿಸ್ನಿ ವರ್ಲ್ಡ್ ಅಂದರೆ ‘ಲಿವಿಂಗ್ ವಿತ್ ದಿ ಲ್ಯಾಂಡ್’. ದೋಣಿಯಲ್ಲಿ ಕೂರಿಸಿ ಸುಮಾರು ಕಾಲು ಗಂಟೆ, ಗಾಜಿನ ಮನೆಗಳ ನಡುವೆ ಕರೆದೊಯ್ಯುತ್ತಾರೆ. ಬೆಚ್ಚಗಿನ ಜಾಗ. ಮಣ್ಣಿಲ್ಲದೆ ನೀರಿನಲ್ಲಿ ಬೇರು ಬಿಟ್ಟ ಸೊಪ್ಪು, ಮೇಲಿನಿಂದ ಇಳಿಬಿದ್ದ ಕುಂಬಳ, ಚಪ್ಪರದಂತೆ ಹರಡಿಕೊಂಡ ಟೊಮೆಟೊ, ಬಾಳೆ, ಪಪ್ಪಾಯಿ. ಐವತ್ತು ವರ್ಷ ಅಡಿಕೆ ತೋಟದಲ್ಲಿ ಓಡಾಡಿದ ಮನುಷ್ಯ. ಹಲಸಿನ ಮರ ಕಂಡದ್ದೇ ದೋಣಿಯಲ್ಲಿ ಅರ್ಧ ಎದ್ದು ನಿಂತು, “ಏ, ಇಲ್ಲಿ ನೋಡೇ, ನಮ್ಮನೆ ಹಲಸು!” ಎಂದು ಅಮ್ಮನನ್ನು ಕೂಗಿದರು. ಅವತ್ತು ಮೂರು ಸಲ ಆ ದೋಣಿ ಹತ್ತಿದೆವು. ಮೂರನೇ ಸಲ ಮೊಮ್ಮಗಳಿಗೆ ಅಜ್ಜನೇ ಎಲ್ಲ ವಿವರಿಸುತ್ತಿದ್ದರು. ಕೃಷಿ ಮನೆತನದ ಹಿರಿಯರನ್ನು ಕರೆತರುವವರು ಇದನ್ನು ದಯವಿಟ್ಟು ತಪ್ಪಿಸಬೇಡಿ. ರೋಲರ್ ಕೋಸ್ಟರ್‌ಗಳ ಗಲಾಟೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಮಧ್ಯಾಹ್ನ ಹನ್ನೊಂದು ದೇಶಗಳ ಮಂಟಪಗಳಿರುವ ಸರೋವರದ ಕಡೆ ಹೋದೆವು. ಸುತ್ತು ಹೊಡೆದರೆ ಎರಡು ಕಿಲೋಮೀಟರ್. ಬಯಲಿನ ನೀರಿನ ಮೇಲಿಂದ ಬರುವ ಗಾಳಿಗೆ ಅಮ್ಮನ ಕಿವಿ ನೋಯತೊಡಗಿತು, ಅರ್ಧಕ್ಕೇ ತಿರುಗಿದೆವು. ಅಮ್ಮನಿಗೆ ಟೋಪಿ ತಾರದೆ ಹೋದದ್ದು ನನ್ನ ತಪ್ಪು. ಕಿವಿ ಮುಚ್ಚುವ ಟೋಪಿ, ಕೈಗವಸು, ದಪ್ಪ ಕಾಲುಚೀಲ ಎಲ್ಲರಿಗೂ ಒಂದೊಂದು ಜೊತೆ ಮನೆಯಿಂದಲೇ ತನ್ನಿ. ಸೀರೆ ಉಡುವವರಿಗೆ ಒಳಗೆ ಥರ್ಮಲ್ ಪ್ಯಾಂಟ್ ಹಾಕಿಸಿ. ಮರುದಿನ ಕೊಂಡು ತಂದಮೇಲೆ ಅಮ್ಮ ನೆಮ್ಮದಿಯಾಗಿ ತಿರುಗಾಡಿದರು.

ಗುರುವಾರ, ಕೋಟೆಯ ದಿನ. ಕಾರಿನಲ್ಲಿ ಹೋಗುವವರು ಗಮನಿಸಿ: ಮ್ಯಾಜಿಕ್ ಕಿಂಗ್‌ಡಮ್‌ನ ಬಾಗಿಲಿಗೆ ಕಾರು ಹೋಗುವುದಿಲ್ಲ. ಸರೋವರದ ಈಚೆ ದಡದಲ್ಲಿ ಕಾರು ನಿಲ್ಲಿಸಿ ಮೋನೋರೈಲಿನಲ್ಲೋ ದೊಡ್ಡ ದೋಣಿಯಲ್ಲೋ ಆಚೆಗೆ ಹೋಗಬೇಕು. ಬ್ಯಾಗ್ ತಪಾಸಣೆಯೂ ಸೇರಿ ಮುಕ್ಕಾಲು ಗಂಟೆ ಕೈಯಲ್ಲಿರಲಿ. ಬೆಳಗ್ಗೆ ಮೋನೋರೈಲು, ಸಂಜೆ ದೋಣಿ ಎಂದಿಟ್ಟುಕೊಳ್ಳಿ. ಬೆಳಗಿನ ಚಳಿಯಲ್ಲಿ ದೋಣಿಯ ಗಾಳಿ ಮಕ್ಕಳಿಗೂ ದೊಡ್ಡವರಿಗೂ ಬೇಡ.

ಒಳಗೆ ಹೋದ ತಕ್ಷಣ ಎಡಗಡೆ ಸಿಟಿ ಹಾಲ್. ಅಲ್ಲಿ ಕೇಳಿದರೆ ಹುಟ್ಟುಹಬ್ಬದ ಬ್ಯಾಡ್ಜ್ ಉಚಿತವಾಗಿ ಕೊಡುತ್ತಾರೆ, ಹೆಸರು ಬರೆದೇ ಕೊಡುತ್ತಾರೆ. ಯಾರೂ ತಾರೀಕು ಕೇಳುವುದಿಲ್ಲ. ಅದನ್ನು ಚುಚ್ಚಿಕೊಂಡ ಗಳಿಗೆಯಿಂದ ಕಸ ಗುಡಿಸುವವರು, ರೈಡ್ ನಡೆಸುವವರು, ಅಂಗಡಿಯವರು, ಎದುರು ಸಿಕ್ಕ ಸಿಬ್ಬಂದಿಯೆಲ್ಲ ಹೆಸರು ಹಿಡಿದು ಶುಭಾಶಯ ಹೇಳುತ್ತಾರೆ. ಮೊದಮೊದಲು ನನ್ನ ಬೆನ್ನ ಹಿಂದೆ ಅಡಗುತ್ತಿದ್ದ ಹುಡುಗಿ ಮಧ್ಯಾಹ್ನದ ಹೊತ್ತಿಗೆ ತಾನೇ ಎದೆ ಮುಂದೆ ಮಾಡಿ ನಡೆಯುತ್ತಿದ್ದಳು. ಮೊದಲ ಸಲ ಬಂದವರಿಗೂ ಬೇರೆ ಬ್ಯಾಡ್ಜ್ ಇದೆ. ಅಪ್ಪ-ಅಮ್ಮನಿಗೆ ಅದನ್ನು ಕೊಡಿಸಿದೆವು. ಅಪ್ಪ ಸ್ವೆಟರಿನ ಮೇಲೆ ಚುಚ್ಚಿಕೊಂಡರು, ಜಾಕೆಟ್ ಹಾಕಿದಾಗ ಅದು ಮುಚ್ಚಿಹೋಗುತ್ತದೆಂದು ಜಾಕೆಟ್ಟಿಗೆ ಬದಲಾಯಿಸಿಕೊಂಡರು.

ಹನ್ನೊಂದರ ಹೊತ್ತಿಗೆ ಬಿಸಿಲೇರಿ ಐದು ಜನರ ಜಾಕೆಟ್ ಹೊರೆಯಾಗುತ್ತದೆ. ಪ್ರವೇಶದ ಹತ್ತಿರ ಬಾಡಿಗೆ ಲಾಕರ್‌ಗಳಿವೆ. ಅಲ್ಲಿಟ್ಟು ಸಂಜೆ ಐದಕ್ಕೆ ಮತ್ತೆ ತೆಗೆದುಕೊಂಡೆವು. ಆರು ಗಂಟೆ ಸುಮಾರಿಗೆ ಹೊತ್ತು ಮುಳುಗಿದ ಮೇಲೆ ಥಂಡಿ ಬೇಗ ಏರುತ್ತದೆ, ಲಾಕರ್ ಕಡೆ ಹೋಗಲು ಕತ್ತಲಾಗುವವರೆಗೆ ಕಾಯಬೇಡಿ. ಅಲ್ಲೇ ಗಾಲಿಕುರ್ಚಿಯೂ ಬಾಡಿಗೆಗೆ ಸಿಗುತ್ತದೆ. “ನಾನೇನು ರೋಗಿಯಾ?” ಎಂದು ಅಪ್ಪ ಬೇಡವೆಂದರು. ಊಟದ ಹೊತ್ತಿಗೆ ಮಂಡಿ ಹಿಡಿಯಿತು, ಆಮೇಲೆ ಒಪ್ಪಿದರು. ಮೊದಲೇ ತೆಗೆದುಕೊಂಡಿದ್ದರೆ ಬೆಳಗ್ಗೆಯೂ ಹಾಯಾಗಿರುತ್ತಿತ್ತು. ಬೇಡವಾದಾಗ ಅದರಲ್ಲಿ ಊಟದ ಚೀಲ ಇಡಬಹುದು.

ಕೆಲವು ರೈಡ್‌ಗಳಿಗೆ ಕನಿಷ್ಠ ಎತ್ತರ ಇರಲೇಬೇಕು, ಮಗುವಿನ ಎತ್ತರದ ಅಳತೆ ಮನೆಯಲ್ಲೇ ಮಾಡಿಕೊಂಡು ಬನ್ನಿ. ಸ್ಪೇಸ್ ಮೌಂಟನ್‌ಗೆ 112 ಸೆಂಟಿಮೀಟರ್ ಬೇಕು, ಟ್ರಾನ್‌ಗೆ 122, ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್‌ಗೆ 97. ನಮ್ಮವಳು 110. ಸ್ಪೇಸ್ ಮೌಂಟನ್ ಬಾಗಿಲಲ್ಲಿ ಅಳತೆಗೋಲಿನ ಕೆಳಗೆ ನಿಂತು ಅತ್ತಳು. ಅದು ನಾನು ಮೊದಲೇ ಹೇಳಬೇಕಿದ್ದ ಮಾತು. ಯಾವ್ಯಾವುದಕ್ಕೆ ಹೋಗಬಹುದೆಂದು ಮುಂಚೆಯೇ ಪಟ್ಟಿ ಕೊಟ್ಟರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ, ಬಾಗಿಲವರೆಗೆ ಹೋಗಿ ಇಲ್ಲ ಎಂದರೆ ತಡೆದುಕೊಳ್ಳುವುದಿಲ್ಲ. ಅಜ್ಜ-ಅಜ್ಜಿ ಜೊತೆಗಿಲ್ಲದ ಅಪ್ಪ-ಅಮ್ಮಂದಿರಿಗೆ ರೈಡರ್ ಸ್ವಿಚ್ ಎಂಬ ವ್ಯವಸ್ಥೆ ಇದೆ. ಒಬ್ಬರು ಮಗುವಿನ ಜೊತೆ ಹೊರಗಿದ್ದು, ಮೊದಲನೆಯವರು ಬಂದಮೇಲೆ ಉದ್ದ ಕ್ಯೂ ನಿಲ್ಲದೆ ಹೋಗಬಹುದು. ಕ್ಯೂ ಸೇರುವ ಮೊದಲು ಬಾಗಿಲಲ್ಲಿರುವ ಸಿಬ್ಬಂದಿಯನ್ನು ಕೇಳಬೇಕು.

ದುಡ್ಡು ಕೊಟ್ಟು ಕ್ಯೂ ತಪ್ಪಿಸುವ ಲೈಟ್ನಿಂಗ್ ಲೇನ್ ನಾವು ಕೊಂಡದ್ದು ಈ ಒಂದು ದಿನಕ್ಕೆ ಮಾತ್ರ. ಹೊರಗಿನ ಮನೆಯಲ್ಲಿ ಉಳಿದವರು ಮೂರು ದಿನ ಮುಂಚೆ ಬೆಳಗ್ಗೆ ಏಳಕ್ಕೆ ಆ್ಯಪ್‌ನಲ್ಲಿ ಕಾದಿರಿಸಬಹುದು. ಡಿಸ್ನಿ ಹೋಟೆಲ್‌ನವರಿಗೆ ಏಳು ದಿನ ಮುಂಚೆ. ಸೋಮವಾರ ಕಾರು ಹತ್ತುವ ಮೊದಲು ನಮ್ಮ ಮನೆಯವರು ಅದನ್ನು ಮುಗಿಸಿದ್ದರು. ಗಾಲಿಕುರ್ಚಿ, ಮಗು, ಹಿರಿಯರು ಎಲ್ಲ ಇರುವಾಗ ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಎಪ್‌ಕಾಟ್‌ನಲ್ಲಿ ನಾವು ನೋಡಿದ ಯಾವುದಕ್ಕೂ ಅದರ ಅಗತ್ಯ ಬೀಳಲಿಲ್ಲ.

ಹಿರಿಯರಿಗೆ ಇಷ್ಟವಾದವು: ಪಾರ್ಕಿನ ಸುತ್ತ ಓಡುವ ಉಗಿಬಂಡಿ, ಅದರ ಎಂಜಿನ್‌ಗಳು ನೂರು ವರ್ಷದಷ್ಟು ಹಳೆಯ ಅಸಲಿ ಎಂಜಿನ್‌ಗಳು, ಮೆಕ್ಸಿಕೋದಿಂದ ತಂದು ದುರಸ್ತಿ ಮಾಡಿದವು. ‘ಸ್ಮಾಲ್ ವರ್ಲ್ಡ್’ ದೋಣಿಯನ್ನು ಅಮ್ಮ ಎರಡು ಸಲ ನೋಡಿದರು. ಎತ್ತರದ ಹಳಿಯ ಮೇಲೆ ನಿಧಾನವಾಗಿ ಸಾಗುವ ಪೀಪಲ್ ಮೂವರ್‌ನಲ್ಲಿ ಕೂತು ಮೇಲಿನಿಂದ ಜನರನ್ನು ನೋಡುವುದೇ ಚೆಂದ.

ಊಟದ ಬಗ್ಗೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಮನೆಯ ತಿಂಡಿ ಒಳಗೆ ತರಬಹುದು. ಗಾಜಿನ ಡಬ್ಬಿ, ಬಿಡಿ ಐಸ್ ಮಾತ್ರ ಬೇಡ. ಪುಳಿಯೋಗರೆ, ಚಪಾತಿ ಸುರುಳಿ, ಚಕ್ಕುಲಿ ನಮ್ಮ ಚೀಲದಲ್ಲಿತ್ತು. ಮೆನುವಿನಲ್ಲಿ ಪುಟ್ಟ ಎಲೆಯ ಗುರುತಿದ್ದರೆ ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ ಎಂದರ್ಥ. ತಿಂಡಿ ಕೌಂಟರ್‌ಗಳಲ್ಲಿ ಕುಡಿಯುವ ನೀರು ಲೋಟದಲ್ಲಿ ಉಚಿತವಾಗಿ ಕೊಡುತ್ತಾರೆ. ನಿಜವಾದ ಬಿಸಿ ಊಟ ಬೇಕೆಂದಾಗ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಡಿಸ್ನಿ ಹೋಟೆಲಿನ ಸನಾ ರೆಸ್ಟೋರೆಂಟಿಗೆ ಹೋಗಿ. ನಮ್ಮ ಕಡೆಯ ನಾನ್, ಚಟ್ನಿಗಳ ಬಗೆಯದೇ ಒಂದು ದೊಡ್ಡ ತಟ್ಟೆ ಕೊಡುತ್ತಾರೆ. ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಜಾಗವನ್ನು 60 ದಿನ ಮೊದಲಿನಿಂದ ಕಾದಿರಿಸಬಹುದು. ಮೊಟ್ಟೆಯಿಲ್ಲದ ಕೇಕನ್ನು ಮಾತ್ರ ನಾವು ಮನೆಯಲ್ಲೇ ಕತ್ತರಿಸಿದೆವು.

ರಾತ್ರಿಯ ಪಟಾಕಿಗೆ ಕೋಟೆಯ ಮುಂದೆ ಒಂದು ತಾಸು ಮೊದಲೇ ಜಾಗ ಹಿಡಿದು ನಿಲ್ಲಬೇಕು, ಮುಗಿದ ಮೇಲೆ ನೂಕುನುಗ್ಗಲು. ಅಪ್ಪ-ಅಮ್ಮನಿಗೆ ಅದು ಆಗದ ಮಾತು. ಅರ್ಧ ಗಂಟೆ ಮುಂಚೆ ಹೊರಬಿದ್ದು, ದೋಣಿಯಲ್ಲಿ ಈಚೆ ದಡಕ್ಕೆ ಬಂದು, ಕಂಬಳಿ ಹೊದ್ದು ಬೆಂಚಿನ ಮೇಲೆ ಕೂತೆವು. ಕೋಟೆಯ ಗೋಡೆಯ ಮೇಲಿನ ಬೆಳಕಿನ ಚಿತ್ರಗಳು ಇಲ್ಲಿಂದ ಕಾಣುವುದಿಲ್ಲ. ಆದರೆ ಆಕಾಶದಲ್ಲಿ ಒಡೆದದ್ದೆಲ್ಲ ನೀರಿನಲ್ಲೂ ಒಡೆಯುತ್ತಿತ್ತು. ಮಗಳು ಅಜ್ಜಿಯ ಶಾಲಿನೊಳಗೆ ಕೂತು, “ಇದು ನನ್ನ ಎರಡನೇ ಹುಟ್ಟುಹಬ್ಬ” ಎಂದು ಪಕ್ಕದ ಬೆಂಚಿನವರಿಗೆ ಹೇಳಿದಳು. ಪಟಾಕಿ ಮುಗಿದು ಹತ್ತು ನಿಮಿಷಕ್ಕೆ ನಾವು ಕಾರಿನಲ್ಲಿದ್ದೆವು.

ಶುಕ್ರವಾರದ ಅನಿಮಲ್ ಕಿಂಗ್‌ಡಮ್‌ಗೆ ಬೆಳಗ್ಗೆಯೇ ಹೋಗಿ, ಮೊದಲು ಕಿಲಿಮಂಜಾರೋ ಸಫಾರಿ ಮುಗಿಸಿ. ತಂಪು ಹೊತ್ತಿನಲ್ಲಿ ಪ್ರಾಣಿಗಳು ಚುರುಕಾಗಿ ಓಡಾಡುತ್ತವೆ. ಲಾರಿಯ ಬದಿಗಳು ತೆರೆದಿರುತ್ತವೆ, ಮೊಣಕಾಲಿಗೆ ಒಂದು ಕಂಬಳಿ ಇರಲಿ. ಹುಟ್ಟುಹಬ್ಬದ ಬಲೂನು ಈ ಪಾರ್ಕಿಗೆ ತರುವಂತಿಲ್ಲ, ಹಾರಿಹೋದರೆ ಪ್ರಾಣಿಗಳಿಗೆ ಅಪಾಯ. ನಮ್ಮದನ್ನು ಕಾರಿನ ಸೀಟಿಗೆ ಕಟ್ಟಿ ಬಂದೆವು. ನೀರಿನ ರೈಡ್‌ಗಳನ್ನು ವರ್ಷದ ದುರಸ್ತಿಗೆ ಮುಚ್ಚುವುದು ಹೆಚ್ಚಾಗಿ ಚಳಿಗಾಲದಲ್ಲೇ, ಎರಡು ವಾಟರ್ ಪಾರ್ಕ್‌ಗಳಲ್ಲೂ ಸಾಮಾನ್ಯವಾಗಿ ಒಂದು ಮುಚ್ಚಿರುತ್ತದೆ. ಮಗುವಿನ ಮನಸ್ಸು ಯಾವುದರ ಮೇಲಿದೆಯೋ ಅದು ಆ ವಾರ ನಡೆಯುತ್ತದೆಯೇ ಎಂದು ಡಿಸ್ನಿಯ ಕ್ಯಾಲೆಂಡರಿನಲ್ಲಿ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ನಾಲ್ಕನೆಯ ಪಾರ್ಕಾದ ಹಾಲಿವುಡ್ ಸ್ಟುಡಿಯೋಸನ್ನು ನಾವು ಬಿಟ್ಟೆವು. ಅಲ್ಲಿರುವುದು ಹೆಚ್ಚಾಗಿ ಜೋರಿನ ರೈಡ್‌ಗಳು, ಅಪ್ಪ-ಅಮ್ಮನಿಗೆ ಹೊಂದುವಂಥದ್ದು ಕಡಿಮೆ.

ಮಧ್ಯಾಹ್ನ ಎರಡಕ್ಕೇ ಮನೆಗೆ ಬಂದು ಎಲ್ಲರೂ ಮಲಗಿದೆವು. ಶನಿವಾರ ಬೆಳಗ್ಗೆ ಆರಕ್ಕೆ ಹೊರಟದ್ದರಿಂದ ದಾರಿ ಖಾಲಿ ಸಿಕ್ಕಿತು.