ಕಕ್ಕಡದ ಪಾಯಸ ಮತ್ತು 499 ರೂಪಾಯಿಯ ಪುಸ್ತಕ

ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಮೆಲ್ಲಗೆ ಕೆರೆದೆ. ಮೇಲೆ 499, ಅಡಿಯಲ್ಲಿ ಅಚ್ಚಾಗಿದ್ದದ್ದು 399. ಕಾಮಿಕ್ಸ್ ಪುಸ್ತಕವನ್ನು ತಿರುಗಿಸಿ ಪುಟ ಎಣಿಸಿದೆ, 48. ಅಂಗಡಿಯವರು ನನ್ನ ಉಗುರನ್ನೇ ನೋಡುತ್ತಿದ್ದರು.

"ಅದು ಹಳೇ ರೇಟು ಸಾರ್. ಈಗ ಎಲ್ಲಾ ಜಾಸ್ತಿ ಆಗಿದೆ."

ಹಳೇ ಮಾಲಿಗೆ ಹೊಸ ರೇಟು ಯಾಕೆ ಸ್ವಾಮಿ ಅಂತ ಕೇಳಬಹುದಿತ್ತು. ಆದರೆ ಕೊಯ್ದ ಕಾಫಿಯನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟು, ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ರೇಟು ನೋಡಿ, ಏರಿದ ಮೇಲೆ ಮಾರಿದವನು ನಾನು. ಅಂಥವನ ಬಾಯಲ್ಲಿ ಆ ಮಾತು ಚೆನ್ನಾಗಿರಲ್ಲ. ಪಕ್ಕದಲ್ಲಿ ತಂಗಿಯ ಮಗ ಬೇರೆ, ಪುಸ್ತಕ ಯಾವಾಗ ತನ್ನ ಕೈಗೆ ವಾಪಸ್ ಬರುತ್ತೋ ಅಂತ ಒಂಟಿಕಾಲಲ್ಲಿ ನಿಂತಿದ್ದ.

"ಮಾವ, ಇದೊಂದೇ. ಬೇರೇನೂ ಕೇಳಲ್ಲ."

2025ರ ಆಗಸ್ಟ್ 2, ಶನಿವಾರ. ಮಡಿಕೇರಿಯಲ್ಲಿ ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಅಡ್ಡಕ್ಕೆ ಹೊಡೆಯುತ್ತಿತ್ತು. ಮರುದಿನ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪಿನ ಪಾಯಸ ತಿನ್ನಲೇಬೇಕು ಅಂತ ತಂಗಿ ಬೆಂಗಳೂರಿನಿಂದ ಮಗನನ್ನು ಕರೆದುಕೊಂಡು ಬಂದಿದ್ದಳು. ಹುಡುಗನಿಗೆ ತೋಟದಲ್ಲಿ ಜಿಗಣೆ, ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಸುಮ್ಮನಿರಿಸಲು ಪುಸ್ತಕದಂಗಡಿಗೆ ಕರೆತಂದದ್ದು ನನ್ನದೇ ಘನಕಾರ್ಯ. ಕನ್ನಡದ್ದು ಏನಾದರೂ ಇದೆಯಾ ಅಂತ ವಿಚಾರಿಸಿದೆ. ಕೆಳಗಿನ ಸಾಲಿನಲ್ಲಿ ಪಂಚತಂತ್ರ, ಬಣ್ಣ ತುಂಬುವ ಪುಸ್ತಕಗಳು. ಚಿತ್ರಕಥೆಗಳೆಲ್ಲ ಮೇಲಿನ ಸಾಲು, ಎಲ್ಲವೂ ಇಂಗ್ಲಿಷ್. ಅಮರ ಚಿತ್ರಕಥೆ ಮೊದಲು ಕಣ್ಣು ಬಿಟ್ಟದ್ದೇ ಕನ್ನಡದಲ್ಲಿ ಅಂದರೆ ಈ ಹುಡುಗ ನಂಬುವುದಿಲ್ಲ. ಸಿಂಡ್ರೆಲಾದಂಥ ಕಥೆಗಳ ಮೊದಲ ಹತ್ತು ಪುಸ್ತಕ ಕನ್ನಡದಲ್ಲಿ ಬಂದವು. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳ ಇಂಗ್ಲಿಷ್ 'ಕೃಷ್ಣ'ನಿಗೆ ಹನ್ನೊಂದನೇ ನಂಬರು ಸಿಕ್ಕಿದ್ದು ಅದಕ್ಕೇ.

ದುಡ್ಡು ಕೊಟ್ಟು ಹೊರಬಿದ್ದೆವು. ಮಳೆ ಬಿಡಲಿ ಅಂತ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ನುಗ್ಗಿದೆವು.

ನಮ್ಮ ಮನೆಯಲ್ಲಿ ಎಲ್ಲದರ ಬೆಲೆಯೂ ಕಾಫಿಯಲ್ಲೇ ಲೆಕ್ಕ. ನನ್ನ ಕಾಮಿಕ್ಸಿನ ಚರಿತ್ರೆಯೂ ಅಷ್ಟೆ. 1994ರಲ್ಲಿ ನನಗೆ ಹತ್ತು ವರ್ಷ. ಆ ಜುಲೈನಲ್ಲಿ ಬ್ರೆಜಿಲ್ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು, ಊರಿನ ಹುಡುಗರೆಲ್ಲ ರೊಮಾರಿಯೊ ರೊಮಾರಿಯೊ ಅಂತ ಕುಣಿಯುತ್ತಿದ್ದರು. ಅಪ್ಪನಿಗೂ ಬ್ರೆಜಿಲ್ ಮೇಲೆ ಪ್ರೀತಿ ಉಕ್ಕಿತ್ತು, ಕಾರಣ ಬೇರೆ. ಅಲ್ಲಿ ಹಿಮ ಬಿದ್ದು ಕಾಫಿ ಗಿಡ ಕರಟಿ ಹೋಗಿತ್ತು, ಇಲ್ಲಿ ರೇಟು ನೆಗೆದಿತ್ತು. ಮನೆಯಲ್ಲಿ ಉಳಿಸಿಕೊಂಡಿದ್ದ ನಾಲ್ಕು ಚೀಲ ಮಾರಿದ ಶುಕ್ರವಾರ, ಅಪ್ಪ ಮಡಿಕೇರಿ ಸಂತೆಯಿಂದ ಒಣಮೀನಿನ ಜೊತೆಗೆ ಗೋಣಿದಾರ ಕಟ್ಟಿದ ಒಂದು ಕಟ್ಟು ತಂದರು. ಬಾಲಮಂಗಳ, ಚಂದಮಾಮ, ಅಮರ ಚಿತ್ರಕಥೆ. ಬಾಲಮಂಗಳದ ಇಲಿವೀರ ಡಿಂಗನ ಮೀಸೆಯ ಹತ್ತಿರ ಮೀನಿನ ವಾಸನೆ ಕೊನೆವರೆಗೂ ಹೋಗಲಿಲ್ಲ.

ಆಗ ಬಸ್‌ಸ್ಟ್ಯಾಂಡಿನ ಗೂಡಂಗಡಿಯಲ್ಲಿ ದಾರಕ್ಕೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಕಾಮಿಕ್ಸ್ ತೂಗುಹಾಕುತ್ತಿದ್ದರು. ಬಾಳೆಹಣ್ಣಿನ ಗೊನೆ, ಅದರ ಪಕ್ಕ ಚಿತ್ರಕಥೆ. ಬಸ್ಸು ಬರುವವರೆಗೆ ನಿಂತು ಓದಿದರೆ ಒಂದು ಕಥೆ ಪುಕ್ಕಟೆ. ಸೋದರಮಾವನ ಟ್ರಂಕಿನಲ್ಲಿ ಇದಕ್ಕೂ ಹಿಂದಿನ ಇಂದ್ರಜಾಲ ಕಾಮಿಕ್ಸ್ ಇದ್ದವು. 1964ರಲ್ಲಿ ಶುರುವಾದಾಗ ಅದಕ್ಕೆ 60 ಪೈಸೆ. 1990ಕ್ಕೆ ನಿಂತೇ ಹೋಯಿತು. ಈ 60 ಪೈಸೆಯನ್ನು ಮಾವ ಸಾಯುವವರೆಗೂ ಹೇಳುತ್ತಿದ್ದರು, ಏನೋ ಚಿನ್ನದ ಬೆಲೆ ಹೇಳುವವರ ಹಾಗೆ.

ಇನ್ನು ಈಗಿನ ಲೆಕ್ಕ. ವಿಯೆಟ್ನಾಮಿನಲ್ಲಿ ಬರ ಬಂದು 2024ರಲ್ಲಿ ರೋಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕೆ.ಜಿ. ಚೀಲಕ್ಕೆ 10,000 ರೂಪಾಯಿ ಮುಟ್ಟಿತು. ಆ ಪ್ರಕಾರ 499 ಅಂದರೆ ಎರಡೂವರೆ ಕಿಲೋ ಕಾಫಿ. ಅಯ್ಯೋ, ಅಷ್ಟೇನಾ ಅನ್ನಿಸುತ್ತೆ. ಆದರೆ ನನ್ನ ತೋಟದಲ್ಲಿ ಕಳೆ ತೆಗೆಯುವ ಹೆಂಗಸಿಗೆ ನಾನು ಕೊಡುವ ದಿನದ ಕೂಲಿಯೂ ಹೆಚ್ಚುಕಡಿಮೆ ಅದೇ 499. ಹೋಟೆಲಿನಲ್ಲಿ ಕೂತು ಈ ಎರಡನೇ ಲೆಕ್ಕ ಹಾಕಬಾರದಿತ್ತು. ಹಾಕಿದೆ.

ಬೆಲೆ ಏರಿಸುವವರ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಕಾಗದಕ್ಕೆ ಇದೆ. ಮಾರುವಾಗ ತೆರಿಗೆಯೇ ಇಲ್ಲದ ಮೇಲೆ ಕಾಗದಕ್ಕೆ ಕಟ್ಟಿದ್ದನ್ನು ಯಾವುದರಲ್ಲಿ ಮುರಿದುಕೊಳ್ಳುವುದು? ಅದು ಬೆಲೆಯೊಳಗೇ ಸೇರಿಕೊಳ್ಳುತ್ತದೆ. ಅಮೆರಿಕದವರು ಮೊದಲು ಬೇರೆ ಉಪಾಯ ಮಾಡಿದ್ದರು. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗಿನ ಹತ್ತು ಸೆಂಟನ್ನು 1961ರವರೆಗೆ ಅಲ್ಲಾಡಿಸಲಿಲ್ಲ. ಪುಟ ಮಾತ್ರ ಇಳಿಸುತ್ತಾ ಬಂದರು, 64 ಇದ್ದದ್ದು ಯುದ್ಧಕಾಲದ ಕಾಗದದ ಬರದಿಂದ ಶುರುವಾಗಿ ಅರ್ಧದ ಹತ್ತಿರಕ್ಕೆ ಬಂತು. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ವರ್ಷಾವರ್ಷ ಬಡವಾಗುತ್ತದಲ್ಲ, ಅದೇ ಕೈಚಳಕ. ಕೊನೆಗೆ ಡೆಲ್ ಎಂಬ ದೊಡ್ಡ ಕಾಮಿಕ್ಸ್ ಕಂಪನಿ ಧೈರ್ಯ ಮಾಡಿ 1961ರಲ್ಲಿ ಒಮ್ಮೆಲೇ 15 ಸೆಂಟಿಗೆ ಹಾರಿತು. ಉಳಿದವರು 12ಕ್ಕೆ ನಿಂತರು. ಮಕ್ಕಳ ಜೇಬಿಗೆ ಮೂರು ಸೆಂಟು ಅಂದರೆ ಏನು ಅಂತ ಡೆಲ್‌ಗೆ ಆಮೇಲೆ ತಿಳಿಯಿತು, ತಾನೂ 12ಕ್ಕೆ ಇಳಿಯಿತು, ಹೋದ ಓದುಗರು ಹಿಂದೆ ಬರಲಿಲ್ಲ. ಈಗ ಅಲ್ಲಿ ಒಂದು ತೆಳು ಸಂಚಿಕೆಗೆ ನಾಲ್ಕೈದು ಡಾಲರ್. ಮೂಲೆಯಂಗಡಿಯ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದದ್ದು ಕಾಮಿಕ್ಸಿಗೆಂದೇ ಇರುವ ಅಂಗಡಿ ಸೇರಿದೆ, ಕೊಳ್ಳುವವರೂ ದೊಡ್ಡವರೇ ಹೆಚ್ಚು. ನಮ್ಮಲ್ಲಿ ಬಾಳೆಗೊನೆಯ ಪಕ್ಕದಿಂದ ಗಾಜಿನ ಬೀರುವಿಗೆ ಹೋದ ಹಾಗೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಕೇಳಲಿಲ್ಲ. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೇ ತೆಗೆದಿರಲಿಲ್ಲ. "ಇಲ್ಲಿ ಟೇಬಲ್ ಒದ್ದೆ ಇದೆ ಮಾವ. ಮನೇಲಿ ನೋಡ್ತೀನಿ."

ನನಗೆ ಅಲ್ಲೇ ಏನೋ ಚುಚ್ಚಿತು. ನಾವಾಗಿದ್ದರೆ ಬಸ್ಸಿನಲ್ಲೇ ಅರ್ಧ ಮುಗಿಸುತ್ತಿದ್ದೆವು.

ಮನೆಗೆ ಬಂದ ಮೇಲೂ ಹಾಗೆಯೇ. ಕೈ ತೊಳೆದು, ಒರೆಸಿ, ಮಂಚದ ಮೇಲೆ ಟವೆಲ್ ಹಾಸಿ, ಅದರ ಮೇಲಿಟ್ಟು ಓದಿದ. ಓದಿದ್ದು ಮುಕ್ಕಾಲು ಗಂಟೆ. ಮತ್ತೆ ಕವರಿಗೆ ಸೇರಿಸಿದ.

ನನ್ನ ಬಾಲಮಂಗಳದ ಒಂದು ಪ್ರತಿಯನ್ನು ಎಷ್ಟು ಜನ ಓದುತ್ತಿದ್ದರು ಅಂತ ಆ ರಾತ್ರಿ ಬೆರಳು ಮಡಚಿದೆ. ನಾನು, ತಂಗಿ. ಮೇಲಿನ ಮನೆಯ ಮೂವರು. ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು ಐದೋ ಆರೋ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗ, ಮತ್ತು ಅವನ ಕೈಯಿಂದ ಕಿತ್ತುಕೊಂಡು ಅಡುಗೆಮನೆಯಲ್ಲಿ ಓದುತ್ತಿದ್ದ ಅವನ ಅಮ್ಮ. ಹಿಂದೆ ಬರುವಾಗ ರಕ್ಷಾಪುಟ ಇರುತ್ತಿರಲಿಲ್ಲ, ಕೆಲವೊಮ್ಮೆ ಕಥೆಯ ಕೊನೆಯೂ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಒಲೆ ಮೇಲಿನ ಅಟ್ಟದಲ್ಲಿ ಏಲಕ್ಕಿಯ ಪಕ್ಕ ಹರಡಿದರಾಯಿತು, ಮೂರು ದಿನಕ್ಕೆ ಹಪ್ಪಳದಂತೆ ಗರಿಗರಿ. ಜಗಳಗಳಾಗಿವೆ. ಆದರೆ "ಕೊಡಲ್ಲ" ಅಂದದ್ದು ನೆನಪಿಲ್ಲ. ಕಾಫಿ ನೆಲಕಚ್ಚಿದ 2001ರ ಹೊತ್ತಿಗೆ ಅಪ್ಪ ಪತ್ರಿಕೆ ತರಿಸುವುದನ್ನೇ ಬಿಟ್ಟರು. ಆಗಲೂ ತಂಗಿ ಓದುತ್ತಿದ್ದಳು, ಯಾರದೋ ಮನೆಯಿಂದ ತಂದು.

ಭಾನುವಾರ ಪಾಯಸ. ಮದ್ದುಸೊಪ್ಪು ಕುದಿಸಿದ ನೀರು ನೇರಳೆ ಶಾಯಿಯ ಹಾಗೆ ಇತ್ತು, ಮನೆಯಿಡೀ ಅದರ ಪರಿಮಳ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುತ್ತಾರೆ. ಮರುದಿನ ಮೂತ್ರ ಕೆಂಪಾಗುತ್ತೆ, ಹೆದರಬೇಡ ಅಂತ ಹುಡುಗನಿಗೆ ಮೊದಲೇ ಹೇಳಿಟ್ಟೆವು. ಅವನಿಗೆ ಅದೊಂದೇ ಕುತೂಹಲ.

ಲೈನ್ ಮನೆಗೂ ಒಂದು ಪಾತ್ರೆ ಕಳಿಸಿದ್ದೆವು. ಪಾತ್ರೆ ಹಿಂದಿರುಗಿಸಲು ಬಂದವನು ಅಲ್ಲಿಯ ಹುಡುಗ. ಅಪ್ಪ ಅಮ್ಮ ಅಸ್ಸಾಮಿನವರು, ಇವನು ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಕನ್ನಡ ನಮ್ಮ ಬೆಂಗಳೂರು ಹುಡುಗನಿಗಿಂತ ಚೆನ್ನಾಗಿ ಓದುತ್ತಾನೆ. ಜಗಲಿಯ ಮೇಲೆ ಪುಸ್ತಕ ನೋಡಿದ. ಮುಟ್ಟಲಿಲ್ಲ, ಸುಮ್ಮನೆ ಬಗ್ಗಿ ನಿಂತ.

"ಅಂಕಲ್, ಇದು ಓದಿ ಕೊಡ್ಲಾ?"

ತಂಗಿಯ ಮಗ ನನ್ನ ಮುಖ ನೋಡಿದ. ನಾನು ಏನಂದೆ ಗೊತ್ತೇ? "ಇಲ್ಲೇ ಕೂತು ನೋಡು ಮಗಾ. ಮನೆಗೆ ಬೇಡ, ಅಲ್ಲಿ ಸೋರುತ್ತೆ."

ಸೋರುವ ಆ ಸೂರು ನನ್ನದೇ. ರಿಪೇರಿ ಮಾಡಿಸಬೇಕಾದವನೂ ನಾನೇ.

ಅವನು ಅಂಗಿಗೆ ಕೈ ಒರೆಸಿಕೊಂಡು, ಬೆರಳಿನ ಹಿಂಬದಿಯಿಂದ ಪುಟ ತಳ್ಳುತ್ತ ನೋಡತೊಡಗಿದ. ತಂಗಿಯ ಮಗ ಪಕ್ಕದಲ್ಲಿ ಪೊಲೀಸನ ಹಾಗೆ. ನನಗೆ ಇಬ್ಬರನ್ನೂ ನೋಡಲಾಗದೆ, ಏನು ಚಿತ್ರ ಅದು ಅಂತ ಪಾಯಸದ ಬಟ್ಟಲು ಹಿಡಿದೇ ಬಗ್ಗಿದೆ. ಅಷ್ಟೆ. ಬಟ್ಟಲು ವಾಲಿ 16 ಮತ್ತು 17ನೇ ಪುಟದ ನಡುವಿನ ಕಣಿವೆಗೆ ಹದಿನೆಂಟು ಔಷಧಿ ಒಟ್ಟಿಗೆ ಹರಿಯಿತು.

ಯಾರೂ ಮಾತಾಡಲಿಲ್ಲ. ಲೈನ್ ಮನೆ ಹುಡುಗ ಎರಡೂ ಕೈ ಮೇಲೆತ್ತಿ, "ನಾನಲ್ಲ" ಅಂದ. ಆ ಕೈಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿವೆ.

ಒದ್ದೆ ಬಟ್ಟೆಯಿಂದ ಒರೆಸಿದೆ, ಕಾಗದದ ಹೊಳಪೂ ಬಟ್ಟೆಗೇ ಬಂತು. ಹಳೇ ವಿದ್ಯೆ ನೆನಪಾಗಿ ಅಟ್ಟಕ್ಕೇರಿಸಿದೆ. ಈ ಆರ್ಟ್ ಪೇಪರಿಗೆ ನಮ್ಮ ಅಟ್ಟ ಆಗಿಬರುವುದಿಲ್ಲ ಅಂತ ಆಗ ಗೊತ್ತಾಯಿತು. ಒಣಗಿತು, ಆದರೆ ಒಂದಕ್ಕೊಂದು ಅಂಟಿ. ಬಿಡಿಸುವಾಗ ಚರ್ ಅಂತ ಸದ್ದು ಬಂದು ನಾಯಕನ ಅರ್ಧ ಮುಖ ಎದುರು ಪುಟಕ್ಕೆ ಹೋಯಿತು. ನಮ್ಮ ಹಳೇ ನ್ಯೂಸ್‌ಪ್ರಿಂಟ್ ಬೂಷ್ಟು ಹಿಡಿದರೂ ಹೀಗೆ ಕೈಕೊಟ್ಟದ್ದಿಲ್ಲ.

ತಂಗಿಯ ಮಗ ಸ್ವಲ್ಪ ಹೊತ್ತು ಅತ್ತ. ಸಂಜೆ ಬಸ್ಸಿಗೆ ಹೊರಡುವಾಗ ಪುಸ್ತಕ ತಿರುಗಿಸಿ ಮುರುಗಿಸಿ ನೋಡಿ, "ಇನ್ನು ಅವನಿಗೆ ಕೊಡಬಹುದು ಅಲ್ವಾ ಮಾವ" ಅಂದ. ದಾನ ಅಂತ ಅಂದದ್ದಲ್ಲ. ಕಾಯಬೇಕಾದ ವಸ್ತು ಕೈಬಿಟ್ಟ ನಿರಾಳದಲ್ಲಿ ಅಂದ ಹಾಗಿತ್ತು.

ಸೋಮವಾರ ಕೊಟ್ಟೆ. ಹದಿನೈದು ದಿನ ಬಿಟ್ಟು ಪುಸ್ತಕ ವಾಪಸ್ ಬಂತು, ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಕತ್ತರಿಸಿ ಬೈಂಡ್ ಹಾಕಿಕೊಂಡು, ಹೊಗೆಯ ವಾಸನೆ ಹೊತ್ತು. ಇಂಗ್ಲಿಷ್ ಮಾತುಗಳ ಗುಳ್ಳೆಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡ ಇತ್ತು. ಒಂದು ಅಕ್ಷರ ಗುಂಡಗೆ, ಇನ್ನೊಂದು ಉದ್ದಕ್ಕೆ, ನಾಲ್ಕೈದು ಕೈಗಳು. ಅರ್ಥ ಎಲ್ಲ ಕಡೆ ಸರಿ ಇರಲಿಲ್ಲ. ಖಳನಾಯಕ ಏನೋ ಗಂಭೀರವಾಗಿ ಹೇಳುವ ಕಡೆ "ಊಟ ಆಯ್ತಾ" ಅಂತ ಬರೆದಿದ್ದರು. ಅಂಟಿ ಹರಿದ ಮುಖವನ್ನು ಯಾರೋ ಬಾಲ್ ಪೆನ್ನಿನಲ್ಲಿ ತಿದ್ದಿದ್ದರು, ಮೀಸೆ ಸಮೇತ.

"ಅಂಕಲ್, ಕೊನೇಲಿ ಮುಂದುವರಿಯುತ್ತೆ ಅಂತ ಇದೆ. ಮುಂದಿಂದು ಇದ್ಯಾ?"

ಅಂಗಡಿಗೆ ಫೋನ್ ಮಾಡಿ ಕೇಳಿದೆ. ಬಂದಿದೆಯಂತೆ, 550. ಶುಕ್ರವಾರ ಸಂತೆಗೆ ಹೋಗುವುದಿದೆ, ಸೂರಿಗೆ ಶೀಟೂ ನೋಡಬೇಕು. ಕಾಫಿ ರೇಟು ಬೇರೆ ಇಳಿಯುತ್ತಿದೆ.