ಸೆಲ್ಬೋರ್ನ್ ದಿನಚರಿ: ಮೇ ತಿಂಗಳಲ್ಲಿ ಕಂಡದ್ದು, ಕಾಣದ್ದು

ಮೇ 10, 2025, ಶನಿವಾರ

ಇವತ್ತೂ ಬಿಸಿಲು. ಮಾರ್ಚಿನಿಂದ ಇದೇ ಕತೆ. ಬಸ್ ಸ್ಟಾಪಿನಲ್ಲಿ ಸಿಕ್ಕವರೆಲ್ಲ ಮಳೆ ಯಾವಾಗ ಅಂತಾರೆ. ಚಿಟ್ಟೆ ನೋಡುವವರು ಮಾತ್ರ ಸುಮ್ಮನೆ ಖುಷಿಯಾಗಿದ್ದಾರೆ.

ನಾವಿರುವ ಆಲ್ಟನ್ ಪೇಟೆಯಿಂದ ಸೆಲ್ಬೋರ್ನ್ ಆರೇಳು ಕಿಲೋಮೀಟರ್. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಒಂದು ಸಣ್ಣ ಹಳ್ಳಿ. ಅದನ್ನು ದಾಟಿ ಸ್ವಲ್ಪ ಮುಂದೆ ಹೋದರೆ ನೋರ್ ಹಿಲ್ ಅನ್ನುವ ಗುಡ್ಡ. ಗುಡ್ಡ ಅಂದರೆ ನಮ್ಮ ಮಲೆನಾಡಿನವರು ನಕ್ಕಾರು, ಆದರೆ ಈ ಕಡೆಗೆ ಇದೇ ಎತ್ತರ. ಮೈತುಂಬ ಹಳ್ಳಕೊಳ್ಳ. ನೂರಾರು ವರ್ಷಗಳ ಹಿಂದೆ ಜನ ಇಲ್ಲಿಂದ ಸುಣ್ಣಕಲ್ಲು ಅಗೆದು ಹೊಲಗಳಿಗೆ ಹಾಕುತ್ತಿದ್ದರು, ಹುಳಿಮಣ್ಣು ಸರಿಹೋಗಲಿ ಅಂತ. ಅವರು ಬಿಟ್ಟುಹೋದ ಗುಂಡಿಗಳಲ್ಲಿ ಈಗ ಹುಲ್ಲು ಬೆಳೆದಿದೆ. ಒಳಗೆ ಗಾಳಿ ಬರುವುದಿಲ್ಲ, ಬಿಸಿಲು ನಿಲ್ಲುತ್ತದೆ. ಹಳದಿ ಕೌಸ್ಲಿಪ್ ಹೂವು ರಾಶಿ ರಾಶಿ. ಮನುಷ್ಯ ಅಗೆದು ಕೆಡಿಸಿದ ಜಾಗವೇ ಇವತ್ತು ಕಾದಿಟ್ಟ ಕಾಡು, ವೈಲ್ಡ್‌ಲೈಫ್ ಟ್ರಸ್ಟ್‌ನವರು ನೋಡಿಕೊಳ್ಳುತ್ತಾರೆ.

ನಾವು ಹೋಗಿದ್ದು ಡ್ಯೂಕ್ ಆಫ್ ಬರ್ಗಂಡಿ ಎಂಬ ಚಿಟ್ಟೆಗಾಗಿ. ಹೆಸರು ಕೇಳಿದರೆ ಕುದುರೆ ಏರಿ ಬರಬೇಕು ಅನಿಸುತ್ತದೆ. ನೋಡಿದರೆ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಕಡುಕಂದು ರೆಕ್ಕೆ, ಅದರ ಮೇಲೆ ಕಿತ್ತಳೆ ಚೌಕುಳಿ. ಬ್ರಿಟನ್ನಿನಲ್ಲಿ ಈ ಕುಟುಂಬದ ಚಿಟ್ಟೆ ಇದೊಂದೇ. ಕಂಬಳಿಹುಳು ತಿನ್ನುವುದು ಕೌಸ್ಲಿಪ್ ಮತ್ತು ಪ್ರಿಮ್‌ರೋಸ್ ಎಲೆಗಳನ್ನು ಮಾತ್ರ. ಹಾಗಾಗಿ ಎಲ್ಲ ಕಡೆ ಬದುಕುವುದಿಲ್ಲ. ಹುಲ್ಲು ತೀರಾ ಎತ್ತರ ಬೆಳೆದರೂ ಕಷ್ಟ, ಕುರಿಗಳು ತೀರಾ ಮೇಯ್ದರೂ ಕಷ್ಟ.

ಗಂಡು ಮಾತ್ರ ಹೆಸರಿಗೆ ತಕ್ಕ ಹಾಗೇ ನಡೆದುಕೊಳ್ಳುತ್ತದೆ. ಒಂದು ಗುಂಡಿಯ ಮೂಲೆಯಲ್ಲಿ ಎಲೆಯ ತುದಿ ಹಿಡಿದು ಕೂತಿತ್ತು. ಇನ್ನೊಂದು ಗಂಡು ಹತ್ತಿರ ಬಂದರೆ ಸುತ್ತಿ ಸುತ್ತಿ ಮೇಲೇರಿ ಜಗಳ, ಮತ್ತೆ ಅದೇ ಎಲೆಗೆ ವಾಪಸ್. ತನಗಿಂತ ಎಷ್ಟೋ ದೊಡ್ಡ ಬ್ರಿಮ್‌ಸ್ಟೋನ್ ಚಿಟ್ಟೆಯನ್ನೂ ಓಡಿಸಿತು. ಹೆಣ್ಣು ಕಾಣಲೇ ಇಲ್ಲ. ಅವು ಸದ್ದಿಲ್ಲದೆ ಕೆಳಗೆಲ್ಲೋ ಹಾರಾಡಿಕೊಂಡು ಮೊಟ್ಟೆ ಇಡುತ್ತವಂತೆ. ಬುದ್ಧಿವಂತರು.

ಬರುವಾಗ ದಾರಿಯಲ್ಲಿ ಮಗಳು ಕೂಗಿದಳು, "ಅಮ್ಮಾ, ಹಾವು!"

"ಕಣ್ಣು ನೋಡೇ, ರೆಪ್ಪೆ ಬಡಿಯುತ್ತಾ ಇಲ್ವಾ?"

ಬಡಿಯಿತು. ಹಾವಾದರೆ ಬಡಿಯುತ್ತಿರಲಿಲ್ಲ. ಇದು ಸ್ಲೋವರ್ಮ್. ಕಾಲಿಲ್ಲದ ಹಲ್ಲಿ ಅದು. ತಾಮ್ರದ ಬಣ್ಣ, ಹೊಳಪು. ಹಿಡಿಯಲು ಹೋದರೆ ಬಾಲ ಬಿಟ್ಟು ಓಡುತ್ತದೆ, ಅದಕ್ಕೇ ಮುಟ್ಟಬೇಡ ಅಂದೆ. ಮುಟ್ಟಲಿಲ್ಲ, ಆದರೆ ಮನೆ ಸೇರುವವರೆಗೂ ಕಣ್ಣು ಮಿಟುಕಿಸುತ್ತಾ ಬಂದಳು.

ಮೇ 18, ಭಾನುವಾರ

ಹಳ್ಳಿಯ ಹಿಂದೆ ಕಡಿದಾದ ಇಳಿಜಾರಿನಲ್ಲಿ ಬೀಚ್ ಮರಗಳ ಕಾಡಿದೆ. ಹ್ಯಾಂಗರ್ ಅನ್ನುತ್ತಾರೆ. ಅದನ್ನು ಹತ್ತಲು ಜಿಗ್‌ಜ್ಯಾಗ್ ಅಂತ ಒಂದು ಅಂಕುಡೊಂಕು ಹಾದಿ. 1753ರಲ್ಲಿ ಗಿಲ್ಬರ್ಟ್ ವೈಟ್ ಮತ್ತು ಅವನ ತಮ್ಮ ಜಾನ್ ಸೇರಿ ಮಾಡಿದ್ದು. ಸೆಲ್ಬೋರ್ನ್‌ಗೆ ಹೆಸರು ಬಂದಿದ್ದೇ ಈ ವೈಟ್‌ನಿಂದ. 1720ರಲ್ಲಿ ಇಲ್ಲೇ ಹುಟ್ಟಿ 1793ರಲ್ಲಿ ಇಲ್ಲೇ ಸತ್ತ ಪಾದ್ರಿ. 1768ರಿಂದ ಸಾಯುವವರೆಗೂ ದಿನಚರಿ ಬರೆದ. ಗಾಳಿ ಎತ್ತ ಬೀಸಿತು, ಮಳೆ ಎಷ್ಟು, ಯಾವ ಹಕ್ಕಿ ಬಂತು, ಯಾವ ಹೂ ಬಿಟ್ಟಿತು, ಮನೆಯ ಆಮೆ ಯಾವಾಗ ಮಣ್ಣಿನಿಂದ ಎದ್ದಿತು. ಆ ಆಮೆಯ ಹೆಸರು ತಿಮೋತಿ. ಸತ್ತ ಮೇಲೆ ನೋಡಿದರೆ ಅದು ಹೆಣ್ಣು! ಅದರ ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಮನೆಯ ಸುತ್ತಲಿನದನ್ನೇ ಇಪ್ಪತ್ತೈದು ವರ್ಷ ಬರೆಯುವುದು ನನಗಂತೂ ದೊಡ್ಡ ಸಂಗತಿ ಅನಿಸುತ್ತದೆ. ಅವನ ಲೆಕ್ಕ ಇರುವುದರಿಂದಲೇ ಇಲ್ಲಿ ಇವತ್ತು ಏನು ಉಳಿದಿದೆ, ಏನು ಹೋಗಿದೆ ಅಂತ ಗೊತ್ತಾಗುವುದು.

ಒಂದು ಉದಾಹರಣೆ. ಹ್ಯಾಂಗರ್‌ನಲ್ಲಿ ಹಸಿರು ಬಣ್ಣದ ಪುಟ್ಟ ಹಕ್ಕಿಗಳಿವೆ. ಎಲೆಗಳ ನಡುವೆ ಎಲ್ಲವೂ ಒಂದೇ ಥರ ಕಾಣುತ್ತವೆ. ಅವು ಒಂದಲ್ಲ, ಮೂರು ಜಾತಿ ಅಂತ ವೈಟ್ ಹೇಳಿದ. ಅವನಿಗೆ ಮೊದಲ ಸುಳಿವು ಕೊಟ್ಟಿದ್ದು ದನಿ. ಚಿಫ್‌ಚಾಫ್ ತನ್ನ ಹೆಸರನ್ನೇ ಕೂಗುತ್ತದೆ. ವಿಲ್ಲೋ ವಾರ್ಬ್ಲರ್‌ನದು ಮೇಲಿಂದ ಇಳಿಯುತ್ತಾ ಬರುವ ಹಾಡು. ವುಡ್ ವಾರ್ಬ್ಲರ್‌ನದು ಬೀಚ್ ಮರದ ತುದಿಯಿಂದ ನಡುಗುವ ಸದ್ದು. ಇವತ್ತು ಜಿಗ್‌ಜ್ಯಾಗ್ ಹತ್ತುವಾಗ ಕಿವಿಗೊಟ್ಟು ಕೇಳಿದೆ. ಚಿಫ್‌ಚಾಫ್ ಸಾಕು ಸಾಕೆನ್ನುವಷ್ಟು. ವಿಲ್ಲೋ ವಾರ್ಬ್ಲರ್ ಇಲ್ಲ, ದಕ್ಷಿಣ ಇಂಗ್ಲೆಂಡಿನಲ್ಲಿ ಅದು ವರ್ಷ ವರ್ಷ ಕಡಿಮೆಯಾಗುತ್ತಿದೆ. ವುಡ್ ವಾರ್ಬ್ಲರ್‌ಗಾಗಿ ಈಗ ವೇಲ್ಸ್ ಕಡೆಗೇ ಹೋಗಬೇಕು. ಮೂರರಲ್ಲಿ ಒಂದು.

ವೈಟ್ ಪಟ್ಟಿಯಲ್ಲಿ ಇಲ್ಲದ್ದೂ ಒಂದು ಸಿಕ್ಕಿತು. ಮೇಲಿನ ಬಯಲಿನ ಅಂಚಿನಲ್ಲಿ ಮಂಟ್‌ಜ್ಯಾಕ್ ಒಂದು ನಾಯಿಯ ಹಾಗೆ ಬೊಗಳಿ ಪೊದೆಗೆ ನುಗ್ಗಿತು. ನಮ್ಮ ಕಾಡುಕುರಿಯ ದಾಯಾದಿ ಅದು, ಮೂಲ ಚೀನಾ. ಬೆಡ್‌ಫರ್ಡ್‌ಶೈರ್‌ನ ವೋಬರ್ನ್ ಎಸ್ಟೇಟಿಗೆ ಯಾರೋ ದೊಡ್ಡವರು ಶೋಕಿಗೆ ತರಿಸಿದ್ದರು. ತಪ್ಪಿಸಿಕೊಂಡಿದ್ದು ಈಗ ಎಲ್ಲ ಕಡೆ. ಬ್ಲೂಬೆಲ್ ಹೂವನ್ನು ಮೇಯ್ದು ಮುಗಿಸುತ್ತದೆ ಅಂತ ಕಾಡು ನೋಡಿಕೊಳ್ಳುವವರಿಗೆ ಇದನ್ನು ಕಂಡರೆ ಆಗುವುದಿಲ್ಲ.

ಮೇಲೆ ರೆಡ್ ಕೈಟ್. ಕವಲು ಬಾಲ ತಿರುಗಿಸುತ್ತಾ ತೇಲುವ ಕೆಂಪು ಹದ್ದು. ಇಂಗ್ಲೆಂಡಿನಲ್ಲಿ ಇದು ಪೂರ್ತಿ ಅಳಿದೇ ಹೋಗಿತ್ತು, ಗುಂಡು ಹೊಡೆದು, ವಿಷ ಹಾಕಿ ಮುಗಿಸಿದ್ದರು. 1989ರಿಂದ 1994ರವರೆಗೆ ಸ್ಪೇನಿನಿಂದ ಮರಿಗಳನ್ನು ತಂದು ಚಿಲ್ಟರ್ನ್ ಬೆಟ್ಟಗಳಲ್ಲಿ ಬಿಟ್ಟರು. ಈಗ ಸ್ಪೇನಿನಲ್ಲೇ ಕಡಿಮೆಯಾಗಿ, 2022ರಲ್ಲಿ ಇಲ್ಲಿನ ಮರಿಗಳನ್ನು ಅಲ್ಲಿಗೆ ಕಳಿಸಲು ಶುರುಮಾಡಿದರು. ಸಾಲ ತೀರಿಸಿದ ಹಾಗಾಯಿತು.

ಕುಕ್ಕೂ ಹಕ್ಕಿಯ ಕೂಗು ಕೇಳಲಿಲ್ಲ. ಹೋದ ವರ್ಷವೂ ಕೇಳಿರಲಿಲ್ಲ.

ಮೇ 26, ಸೋಮವಾರ, ಬ್ಯಾಂಕ್ ಹಾಲಿಡೇ

ರಜೆ ಬಂತು, ಮಳೆ ಬಂತು. ಈ ದೇಶದ ನಿಯಮ.

ರಾತ್ರಿ ಅಡುಗೆಮನೆ ಕಿಟಕಿಗೆ ಟಪ್ ಟಪ್ ಅಂತ ಯಾರೋ ಕಲ್ಲು ಹೊಡೆದ ಸದ್ದು. ನೋಡಿದರೆ ಮೇ ಬಗ್, ಕಂದು ಬಣ್ಣದ ದಪ್ಪ ದುಂಬಿ. ಮೀಸೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಫೋಟೋ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. "ಇದರ ಮರಿ ನಮ್ಮ ತೋಟದ ಬೇರುಹುಳದ ಹಾಗೇ ಇರ್ತದಲ್ವಾ?" ಅಂತ ಉತ್ತರ ಬಂತು. ಹೌದು, ಒಂದೇ ಬಳಗ. ಮರಿಹುಳು ಮೂರು ನಾಲ್ಕು ವರ್ಷ ಮಣ್ಣಲ್ಲಿ ಬೇರು ತಿನ್ನುತ್ತಾ ಇದ್ದು, ದುಂಬಿಯಾಗಿ ಕೆಲವೇ ವಾರ ಬದುಕುತ್ತದೆ. ಅಡಿಕೆ ಬೆಳೆಗಾರರಿಗೆ ಅದರ ಮೇಲೆ ಕನಿಕರ ಬರುವ ಸಾಧ್ಯತೆ ಕಡಿಮೆ.

ಮಧ್ಯಾಹ್ನ ಮಳೆ ಬಿಟ್ಟಾಗ ಸೆಲ್ಬೋರ್ನ್ ಚರ್ಚ್‌ಗೆ ಹೋದೆವು. ಅಂಗಳದಲ್ಲಿ ದೊಡ್ಡ ಯೂ ಮರದ ಬುಡವಿದೆ. 1990ರ ಜನವರಿಯ ಬಿರುಗಾಳಿಗೆ ಮರ ಉರುಳಿತು. ಎತ್ತಿ ನಿಲ್ಲಿಸಿ ಉಳಿಸಲು ನೋಡಿದರು, ಆಗಲಿಲ್ಲ. ವೈಟ್‌ನ ಸಮಾಧಿ ಹುಲ್ಲಿನಲ್ಲಿ ಒಂದು ಪುಟ್ಟ ಕಲ್ಲು, ಜಿ.ಡಬ್ಲ್ಯೂ. ಅಂತ ಎರಡು ಅಕ್ಷರ, ಕೆಳಗೆ ತಾರೀಖು. ಇಷ್ಟು ಹೆಸರಾದವನಿಗೆ ಇಷ್ಟೇ ಸಾಕಾಯಿತು.

ನಾನು ಬಂದಿದ್ದು ಸ್ವಿಫ್ಟ್ ಹಕ್ಕಿ ನೋಡಲು. ಮೇ ತಿಂಗಳಲ್ಲಿ ಆಫ್ರಿಕಾದಿಂದ ಬಂದು ಮರಿ ಮಾಡಿ ಆಗಸ್ಟಿಗೆ ಹೊರಡುತ್ತವೆ. ಗೂಡಲ್ಲದೆ ಬೇರೆಲ್ಲೂ ಕೂರುವುದು ಅಪರೂಪ. ಊಟ, ನಿದ್ದೆ ಎಲ್ಲ ಗಾಳಿಯಲ್ಲೇ. ತನ್ನ ಊರಲ್ಲಿ ಪ್ರತಿ ವರ್ಷ ಎಂಟು ಜೋಡಿ ಇರುತ್ತವೆ ಅಂತ ವೈಟ್ ಬರೆದ. ಸುಮಾರು ಅರ್ಧ ಚರ್ಚ್‌ನಲ್ಲಿ, ಉಳಿದವು ಬಡವರ ತಗ್ಗು ಹುಲ್ಲುಮನೆಗಳಲ್ಲಿ. ಅವನಿಗೊಂದು ಒಗಟು ಕಾಡುತ್ತಿತ್ತು. ಇಷ್ಟು ಮರಿಗಳು ಹುಟ್ಟಿದರೂ ಮರುವರ್ಷ ಮತ್ತೆ ಎಂಟೇ ಜೋಡಿ, ಮಿಕ್ಕವು ಎಲ್ಲಿ ಹೋದವು? ಈಗ ಗೊತ್ತು. ಎಷ್ಟೋ ಸಾಯುತ್ತವೆ. ಉಳಿದ ಮರಿಗಳು ಮೊದಲ ಎರಡು ಮೂರು ವರ್ಷ ಮರಿ ಮಾಡದೆ ಹಾರಾಡಿಕೊಂಡಿರುತ್ತವೆ.

ಸಂಜೆಯ ಹೊತ್ತಿಗೆ ಗೋಪುರದ ಸುತ್ತ ಏಳೆಂಟು ಸ್ವಿಫ್ಟ್ ಕಿರುಚುತ್ತಾ ಸುತ್ತಿದವು. ಸಮಾಧಾನವಾಯಿತು. ದೇಶದ ಲೆಕ್ಕ ಮಾತ್ರ ಚೆನ್ನಾಗಿಲ್ಲ. 2021ರಲ್ಲಿ ಸ್ವಿಫ್ಟ್ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿಗೆ ಸೇರಿತು. ಹುಳುಹುಪ್ಪಟೆ ಕಡಿಮೆಯಾಗಿವೆ. ಹಳೆ ಮನೆಗಳ ಸೂರು ರಿಪೇರಿ ಮಾಡಿ ಸಂದುಗಳನ್ನೆಲ್ಲ ಮುಚ್ಚುತ್ತಾರೆ. ಪ್ರತಿ ವರ್ಷ ಅದೇ ಸಂದಿಗೆ ಬರುವ ಹಕ್ಕಿ ಗೋಡೆಗೆ ಬಡಿದುಕೊಂಡು ವಾಪಸ್ ಹೋಗುತ್ತದೆ.

ನಮ್ಮ ಪಕ್ಕದ ಮನೆಯ ಅಜ್ಜ ಸೂರಿನಡಿ ಎರಡು ಮರದ ಪೆಟ್ಟಿಗೆ ಹಾಕಿಸಿದ್ದಾರೆ. ಸ್ವಿಫ್ಟ್‌ಗಳ ಕೂಗನ್ನು ಸ್ಪೀಕರ್‌ನಲ್ಲಿ ಬೆಳಿಗ್ಗೆ ಸಂಜೆ ಹಾಕುತ್ತಾರೆ, ಕೇಳಿದ ಎಳೆ ಹಕ್ಕಿಗಳು ಜಾಗ ನೋಡಲು ಬರಲಿ ಅಂತ. ಸದ್ಯಕ್ಕೆ ಒಂದು ಪೆಟ್ಟಿಗೆಯಲ್ಲಿ ಗುಬ್ಬಿ ಸಂಸಾರ ಹೂಡಿದೆ. ಗುಬ್ಬಿಯೂ ಇಲ್ಲಿ ಕೆಂಪು ಪಟ್ಟಿಯಲ್ಲೇ ಇದೆ, ಹಾಗಾಗಿ ಓಡಿಸುವ ಹಾಗಿಲ್ಲ. ಅಜ್ಜ ಮೂರನೇ ಪೆಟ್ಟಿಗೆಗೆ ಹಲಗೆ ಕೊಯ್ಯುತ್ತಿದ್ದಾರೆ. ಏಣಿ ಹಿಡಿಯಲು ನಮ್ಮ ಯಜಮಾನರು ಒಪ್ಪಿಕೊಂಡಿದ್ದಾರೆ.